ನಳದ ಕಟ್ಟೆಯ ಮೇಲೆ ತುಂಬಿದ ನಲವತ್ತು ಫಾರ್ಮು

ಮುಂಬೈಯ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಇಪ್ಪತ್ತು ಮನೆ. ಹೋದ ವಾರ ಇಪ್ಪತ್ತಕ್ಕೂ ಪೇಢೆ ಹಂಚಿ ಬಂದೆ. ಮೊಣಕಾಲು ನೋವು ಅಂತ ಕೆಳಗೆ ಹಾಲು ತರಲಿಕ್ಕೂ ಇಳಿಯದವಳು ನಾನು. ಅವತ್ತು ಲಿಫ್ಟ್ ಕೆಟ್ಟಿತ್ತು, ಆದರೂ ಐದೂ ಮಹಡಿ ಹತ್ತಿ ಇಳಿದೆ. "ಅಮ್ಮೀ, ಲಗ್ನ ಯಾರದು ಅಂತ ಮಂದಿ ಕೇಳ್ತಾರ" ಅಂತ ಮಗಳು ನಕ್ಕಳು. ಲಗ್ನ ಯಾರಿಗೆ ಬೇಕ್ರಿ? ನನ್ನ ಮೊಮ್ಮಗಳು ನಸ್ರೀನಳಿಗೆ ನೌಕರಿ ಸಿಕ್ಕಿದೆ!

ಎಂಥ ನೌಕರಿ ಅಂತ ಎರಡನೇ ಮಹಡಿಯ ಮರಾಠಿ ಬಾಯಿ ಕೇಳಿದಾಗ ಮಾತ್ರ ನನ್ನ ಬಾಯಿ ಕಟ್ಟಿತು. "ಭಾಳ ದೊಡ್ಡ ನೌಕರಿ" ಅಂದು ಆಕೆಯ ಕೈಗೆ ಇನ್ನೊಂದು ಪೇಢೆ ಇಟ್ಟು ತಪ್ಪಿಸಿಕೊಂಡೆ. ಮನೆಗೆ ಬಂದು ನಸ್ರೀನಳನ್ನೇ ಕೇಳಿದೆ. ಆಕೆಯ ಕನ್ನಡ ಕುಂಟುತ್ತದೆ, ಆದರೆ ನನ್ನ ಸಲುವಾಗಿ ಕುಂಟುತ್ತಲೇ ನಡೆಯುತ್ತಾಳೆ.

"ನಾನಿ, ಡೆಲಿವರಿ ಟೈಮಿಗೆ ಔರತರಿಗೆ ಇಂಜರಿ ಆಗ್ತದಲ್ಲ? ಹರಿಯೂದು, ಪೇಶಾಬ್ ನಿಲ್ಲದೇ ಸೋರೂದು, ಹಂಗ. ಅದು ಎಷ್ಟು ಮಂದಿಗೆ ಆಗ್ತದ ಅಂತ ಡಾಕ್ಟರ್ ಲೋಗ್ ಲೆಕ್ಕ ಮಾಡಿ ಛಾಪಿಸ್ತಾರ. ಆ ಲೆಕ್ಕ ಸಹೀ ಅದನೋ ಗಲತ್ ಅದನೋ ನೋಡೂದು ನನ್ನ ಕಾಮ್. ಮಾರ್ಕ್ಸ್ ಕೊಡೂದು."

"ಅಂದ್ರ ಡಾಕ್ಟರರಿಗೇ ಮಾಸ್ತರಿಕೆ!"

"ಥೋಡಾ ಹಂಗೇ."

ಮಾರ್ಕ್ಸ್ ಹೆಂಗ ಕೊಡ್ತೀ ಅಂದೆ. ಫೋನಿನಲ್ಲಿದ್ದ ಪ್ರಶ್ನೆಗಳನ್ನು ಓದಿ ಹೇಳಿದಳು. ಯಾರನ್ನು ಕೇಳಿದರು, ಯಾರನ್ನು ಬಿಟ್ಟರು? ಒಬ್ಬಳನ್ನೇ ಕೂರಿಸಿ ಕೇಳಿದರೋ, ಮಂದಿಯ ನಡುವೆಯೋ? ತಪಾಸಣೆ ಮಾಡಿದ ಇಬ್ಬರು ಒಬ್ಬರದ್ದೊಬ್ಬರು ನೋಡದೆ ಬರೆದರೋ? ಮುಂದೆ ಹೋಗಿ ಮತ್ತೆ ವಿಚಾರಿಸಿದರೋ?

ಒಂದೊಂದು ಪ್ರಶ್ನೆ ಓದಿದ ಹಾಗೆ ನನ್ನ ಸೆರಗು ಒಂದೊಂದು ಗೇಣು ಬಾಯಿಗೆ ಹೋಯಿತು. ಯಾ ಅಲ್ಲಾ, ಈ ಹುಡುಗಿ ನನ್ನನ್ನೇ ಹಿಡಿಯಲಿಕ್ಕೆ ನೌಕರಿಗೆ ಸೇರಿದ್ದಾಳೋ ಏನು! ಅದರಲ್ಲಿದ್ದ ತಪ್ಪುಗಳಲ್ಲಿ ನಾನು ಮಾಡದೆ ಬಿಟ್ಟದ್ದು ಒಂದೂ ಇರಲಿಲ್ಲ. ಅದೂ ಅವಳ ತಾಯಿ ಹುಟ್ಟುವ ಮೊದಲೇ, ಎಪ್ಪತ್ತನೇ ಇಸವಿಯ ಆಚೆ ಈಚೆ, ವಡಾಲದಲ್ಲಿ.

"ಬರೆದು ಕೊಡು ನಾನಿ. ನನ್ನ ಜೋಡಿ ಹೊಸಾ ಲಡಕಿಯರು ಭಾಳ ಅದಾರ, ಮನಿಮನಿಗೆ ಹೋಗಿ ಕೇಳೋರು. ಅವರಿಗೆ ಓದಿ ಹೇಳ್ತೀನಿ" ಅಂದಳು. ನಾಲ್ಕನೇ ಇಯತ್ತೆ ಕಲಿತವಳ ಬರಹ ಇದು. ಕಾಗುಣಿತ ತಪ್ಪಿದ್ದರೆ ಮೊಮ್ಮಗಳಿಗೆ ಹೇಳ್ರಿ, ಮಾರ್ಕ್ಸ್ ಕಡಿಮೆ ಮಾಡುತ್ತಾಳೆ.

ನಾನು ದವಾಖಾನೆ ಸೇರಿದ್ದು ಹತ್ತಿಯ ವಶೀಲಿಯಿಂದ. ನಾವು ಬಿಜಾಪುರದ ಕಡೆಯ ಪಿಂಜಾರರು. ನಮ್ಮ ಯಜಮಾನರು ಬಿಲ್ಲು ಹೆಗಲಿಗೆ ಹಾಕಿಕೊಂಡು ಗ್ರಾಂಟ್ ರೋಡಿನ ಲಾಡ್ಜುಗಳಲ್ಲಿ ಗಾದಿಯ ಹತ್ತಿ ಹಿಂಜುತ್ತಿದ್ದರು. ಬೀಜ ಕಸ ಆರಿಸಲಿಕ್ಕೆ ನಾನು ಹಿಂದೆ ಹೋಗುತ್ತಿದ್ದೆ. ಒಂದು ಸಲ ವಡಾಲದ ಒಂದು ಹೆರಿಗೆ ದವಾಖಾನೆಯ ಗಾದಿಗಳ ಕೆಲಸ ಬಂತು. ಅಲ್ಲಿ ವರಾಂಡದಲ್ಲಿ ಆಯಾಗಳು ಗಾಯ ಒರೆಸುವ ಹತ್ತಿಯ ಉಂಡೆ ಮಾಡುತ್ತ ಕೂತಿದ್ದರು. ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ತೆಂಗಿನಕಾಯಿಯಷ್ಟು. ನನಗೆ ನೋಡಲಿಕ್ಕಾಗಲಿಲ್ಲ. ಕರೆಯದೆ ಹೋಗಿ ಕೂತು ಒಂದು ಬುಟ್ಟಿ ಉಂಡೆ ಸುತ್ತಿ ಕೊಟ್ಟೆ, ಎಲ್ಲವೂ ಒಂದೇ ಅಳತೆ. ಅಲ್ಲಿಯ ದೊಡ್ಡ ನರ್ಸು ಶೇವಂತಾಬಾಯಿ, ಮರಾಠಿಯವರು, ಮೂಗಿನ ತುದಿಗೆ ಚಷ್ಮಾ ಇಳಿಸಿ, "ಕಾಯ ಗ, ನಾಳೆಯಿಂದ ಬರ್ತೀಯಾ?" ಅಂದರು. ಅಷ್ಟೇ ನನ್ನ ಇಂಟರ್ವ್ಯೂ.

ಡಾಕ್ಟರಮ್ಮನ ಹೆಸರು ಸರೋಜಮ್ಮ, ಮೈಸೂರಿನವರು. ಸಣ್ಣ ಆಳು, ದೊಡ್ಡ ಹೆಜ್ಜೆ. ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ತಿಳಿಯಲಿಕ್ಕೆ ಒಂದು ತಿಂಗಳು ಹಿಡಿಯಿತು. ಆಮೇಲೆ ಇಬ್ಬರಿಗೂ ಭಾಳ ಸೇರಿತು. ಅವರ ಎದೆಯೊಳಗೆ ಒಂದೇ ಮುಳ್ಳು ಇತ್ತು. ಕೂಸು ಎರಡು ಮೂರು ದಿನ ದಾರಿಯಲ್ಲೇ ಸಿಕ್ಕಿಕೊಂಡರೆ ತಾಯಿಯ ಒಳಗಿನ ಚರ್ಮ ಸತ್ತು ತೂತು ಬೀಳುತ್ತದೆ. ಆಮೇಲೆ ಮೂತ್ರ ತಡೆಯಿಲ್ಲದೆ ಸೋರುತ್ತದೆ, ಹಗಲೂ ರಾತ್ರಿ. ಅದನ್ನು ಹೊಲಿಯುವ ಕೈ ಡಾಕ್ಟರಮ್ಮನಿಗೆ ಇತ್ತು. ಇಲ್ಲದ್ದು ಜಾಗ. ಹೊಲಿದ ಮೇಲೆ ಹದಿನಾಲ್ಕು ದಿನ ರಬ್ಬರ್ ನಳಿಗೆ ಹಾಕಿ ಮಲಗಿಸಬೇಕು. ನಮ್ಮಲ್ಲಿ ಹಡೆದವರಿಗೆ ಮಾತ್ರ ಹಾಸಿಗೆ, ಅದೂ ಮೂರು ದಿನ. ವಾರಕ್ಕೊಂದು ಆಪರೇಷನ್ ದಿನ, ಎರಡು ಹಾಸಿಗೆ, ಇಷ್ಟೇ ಅವರು ಕೇಳಿದ್ದು.

ಮೇಲಿನ ಸಾಹೇಬರು, ಹೆಸರು ಬ್ಯಾಡ ಬಿಡ್ರಿ, ರಿಜಿಸ್ಟರು ತೆಗೆದು ತೋರಿಸಿದರು. "ಇಂಥ ಕೇಸು ನಮ್ಮಲ್ಲಿ ಎಲ್ಲಿವೆ? ಇಲ್ಲದ ರೋಗಕ್ಕೆ ಹಾಸಿಗೆ ಯಾಕೆ?"

"ರಿಜಿಸ್ಟರಲ್ಲಿ ಇಲ್ಲ ಅಂದ್ರೆ ಊರಲ್ಲೂ ಇಲ್ಲ ಅಂತಾನಾ?" ಅಂತ ಡಾಕ್ಟರಮ್ಮ ಕೆಂಪಾಗಿ ಇಳಿದು ಬಂದರು. ಅವತ್ತೇ ಒಂದೊಂದೇ ಖೋಲಿಯ ಸಾಲುಮನೆಗಳ ಚಾಳುಗಳಿಗೆ ಹೋಗಿ ಲೆಕ್ಕ ತರುವುದು ಅಂತ ನಿಶ್ಚಯವಾಯಿತು. ಕನ್ನಡ, ದಖ್ಖನಿ, ಮರಾಠಿ ಮೂರೂ ಬರುವವಳು, ಬಾಯಿ ಸುಮ್ಮನೆ ಇರದವಳು ಅಂದರೆ ನಾನೇ. ನನಗೊಂದು ಪೆನ್ಸಿಲ್ಲು, ಒಂದು ರಟ್ಟು, ಫಾರ್ಮಿನ ಕಟ್ಟು ಕೊಟ್ಟರು. ಅವರು ಹೇಳಿದ್ದು ಸ್ಪಷ್ಟ: ಮೂರು ಖೋಲಿಗೊಂದು ಖೋಲಿ, ಆ ಹೆಂಗಸನ್ನು ಒಬ್ಬಳನ್ನೇ ಕೂರಿಸಿ ಕೇಳು. ಹೂಂ ಅಂದರೆ ಗೀಟು, ಇಲ್ಲ ಅಂದರೆ ಸೊನ್ನೆ.

ನಾನು ವಡಾಲ ಸ್ಟೇಷನ್ ತನಕ ಆ ರಟ್ಟನ್ನು ಎದೆಗೆ ಅವುಚಿಕೊಂಡು ನಡೆದೆ, ಎಲ್ಲರೂ ನೋಡಲಿ ಅಂತ. ಬೇಕಾದ ದಾರಿ ಸ್ಟೇಷನ್ ಕಡೆಗೆ ಇರಲೇ ಇಲ್ಲ.

ಮೊದಲ ಖೋಲಿಗೆ ಹೋದೆ. ಬಾಗಿಲು ತೆರೆದವಳು ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದಿದ್ದಳು. ಎರಡನೆಯವಳು ಬಟ್ಟೆ ಒಗೆಯುತ್ತಿದ್ದಳು. ಮೂರನೆಯವಳು "ನಳದ ಹೊತ್ತಾತು, ಆಮ್ಯಾಲ ಬಾ" ಅಂತ ಕೊಡ ತಗೊಂಡು ಓಡಿದಳು. ಆಗ ನನ್ನ ತಲೆಯಲ್ಲಿ ಒಂದು ಬತ್ತಿ ಹೊತ್ತಿತು ನೋಡ್ರಿ. ಚಾಳಿಗೆಲ್ಲ ಒಂದೇ ನಳ. ಬೆಳಗ್ಗೆ ಆರಕ್ಕೆ ನೀರು, ಏಳೂವರೆಗೆ ಬಂದ್. ಎಲ್ಲ ಹೆಂಗಸರೂ ಅಲ್ಲೇ ಸಿಗುವಾಗ ಮನೆಮನೆ ತಿರುಗುವ ಮೂರ್ಖತನ ಯಾಕೆ?

ಮರುದಿನ ನಾನಿರುವ ಚಾಳಿನ ನಳದ ಕಟ್ಟೆಯ ಮೇಲೆ ನಿಂತೆ, ಭಾಷಣಕ್ಕೆ ನಿಂತವರ ಹಾಗೆ. "ಏ ನೋಡ್ರೇ, ಹಡದ ಮ್ಯಾಲ ಯಾರಿಗರೆ ಉಚ್ಚಿ ಸೋರತೈತೇನು? ಮೈ ಜಾರಿ ಹೊರಗ ಬರತೈತೇನು? ಇದ್ದವರು ಕೈ ಎತ್ತರಿ!"

ಹೆಂಗಸರೆಲ್ಲ ಕೊಡಗಳೂ ನಗುವಷ್ಟು ನಕ್ಕರು.

"ನಮಗೇನೂ ಇಲ್ಲವಾ, ನಿನಗ ಸೋರತೈತೇನು ನೋಡಕೋ ಮಾಬೂಬಿ!"

"ಆಕಿಗೆ ಬಾಯಿ ಸೋರತೈತಿ!"

ನಾನೂ ನಕ್ಕೆ. ನಗುನಗುತ್ತಲೇ ಸೊನ್ನೆ, ಸೊನ್ನೆ, ಸೊನ್ನೆ. ಸೊಸೆ ಬಂದಿರದಿದ್ದರೆ ಅತ್ತೆಯನ್ನು ಕೇಳಿ ಬರೆದುಕೊಂಡೆ. ನಮ್ಮ ಮನೆಯಿಂದ ಎರಡು ಬಾಗಿಲು ಆಚೆಯ ನಿಂಗವ್ವ, "ನಮ್ಮ ಮನ್ಯಾಗ ಎಲ್ಲಾ ಛಲೋ ಅದೀವಿ" ಅಂದಳು. ಅವಳ ಸೊಸೆ ಲಕ್ಕವ್ವನ ಹೆಸರಿಗೂ ಒಂದು ದುಂಡಗಿನ ಸೊನ್ನೆ ಹಾಕಿದೆ. ಹತ್ತಿಯ ಉಂಡೆಯಂತೆ ಅದೂ ಅಳತೆಗೆ ಸರಿಯಾಗಿತ್ತು. ಏಳೂವರೆಗೆ ನೀರು ನಿಲ್ಲುವುದರೊಳಗೆ ನಲವತ್ತು ಫಾರ್ಮು ತುಂಬಿದ್ದವು.

ಬೇರೆ ಚಾಳುಗಳಿಗೆ ಕಳಿಸಿದ್ದ ಉಳಿದ ಆಯಾಗಳು ವಾರಕ್ಕೆ ಹತ್ತು ತರುತ್ತಿದ್ದರು. ನಾನು ಹದಿನೈದು ದಿನದಲ್ಲಿ ಐದು ಚಾಳು ಮುಗಿಸಿದೆ. ಎಲ್ಲರ ಎದುರು ಡಾಕ್ಟರಮ್ಮ ನನಗೆ ಶಾಬಾಸ್ ಅಂದರು. ಮನೆಗೆ ಬಂದು ಯಜಮಾನರಿಗೆ, "ಇನ್ನ ನನ್ನ ಜೋಡಿ ಮಾತಾಡುಮುಂದ ಎದ್ದು ನಿಲ್ಲರಿ" ಅಂದೆ. ಅವರು ಕೂತಲ್ಲಿಂದಲೇ, "ಸಾರಿಗೆ ಉಪ್ಪು ಹಾಕೂದು ಮರತೀ, ಡಾಕ್ಟರಬಾಯಿ" ಅಂದರು.

ಅಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ನಮ್ಮಲ್ಲೇ ಹಡೆದು ಹರಿದವರನ್ನು ಡಾಕ್ಟರಮ್ಮ ಮತ್ತು ಶೇವಂತಾಬಾಯಿ ಇಬ್ಬರೂ ತಪಾಸಣೆ ಮಾಡುತ್ತಿದ್ದರು. ಎಷ್ಟು ಆಳಕ್ಕೆ ಹರಿದಿದೆ ಅಂತ ಒಂದರಿಂದ ನಾಲ್ಕರ ತನಕ ಅಂಕಿ. ಒಬ್ಬರು ಎರಡು ಅಂದರೆ ಇನ್ನೊಬ್ಬರು ಮೂರು ಅನ್ನುತ್ತಿದ್ದರು. ಅದಕ್ಕೆ ಡಾಕ್ಟರಮ್ಮ ಒಂದು ಪದ್ಧತಿ ಮಾಡಿದರು. ಇಬ್ಬರೂ ಬೇರೆ ಬೇರೆ ಚೀಟಿ ಬರೆದು ಮಡಚಿ ನನ್ನ ಕೈಗೆ ಕೊಡುವುದು. ನಾನು ಡಬ್ಬಿಯಲ್ಲಿ ಹಾಕುವುದು. ನನಗೆ ಜಗಳ ಅಂದರೆ ಆಗದು. ಡಾಕ್ಟರಮ್ಮನ ಚೀಟಿಯನ್ನು ಮೆಲ್ಲಗೆ ಬಿಚ್ಚಿ ಶೇವಂತಾಬಾಯಿಗೆ ತೋರಿಸಿಬಿಡುತ್ತಿದ್ದೆ. "ಬಾಯಿ, ಅವರು ಮೂರು ಬರದಾರ. ನೀವೂ ಮೂರು ಅಂದ್ರ ಛಂದ." ಆ ಪುಣ್ಯಾತ್ಗಿತ್ತಿಯೂ ಚಷ್ಮಾ ಇಳಿಸಿ ನೋಡಿ, "ಚಾಲೇಲ, ನಡೀತದ" ಅಂತ ಮೂರು ಬರೆಯುತ್ತಿದ್ದರು. ತಿಂಗಳ ಕೊನೆಗೆ ಡಬ್ಬಿ ತೆಗೆದ ಡಾಕ್ಟರಮ್ಮನ ಮುಖ ನೋಡಬೇಕಿತ್ತು. "ನೋಡಿದ್ರಾ ಶೇವಂತಾಬಾಯಿ! ಕೊನೆಗೂ ನಮ್ಮಿಬ್ಬರ ಕಣ್ಣು ಒಂದೇ ಆಯ್ತು!" ನಾನು ಮೂಲೆಯಲ್ಲಿ ಹತ್ತಿ ಸುತ್ತುತ್ತ, ಎರಡು ಮನೆ ಕೂಡಿಸಿದವಳ ಹಾಗೆ ಹಿಗ್ಗುತ್ತಿದ್ದೆ.

ಹಿಗ್ಗು ಇಳಿದದ್ದು ಒಂದು ಶುಕ್ರವಾರ. ಸೋಮವಾರ ಲೆಕ್ಕವೆಲ್ಲ ಮೇಲೆ ಹೋಗುವುದಿತ್ತು. ಅವತ್ತು ನಾನು ಎದ್ದದ್ದು ತಡ. ಕೊಡ ಹಿಡಿದು ಓಡುವ ಹೊತ್ತಿಗೆ ಏಳೂಕಾಲು ದಾಟಿತ್ತು. ನಳದಲ್ಲಿ ಸೂಜಿಯಷ್ಟು ಧಾರೆ. ಕಟ್ಟೆಯ ಹತ್ತಿರ ಒಬ್ಬಳೇ ಹೆಂಗಸು, ಬೆನ್ನು ಈ ಕಡೆಗೆ. ಹಳೇ ಸೀರೆಯ ಮೇಲೆ ಇನ್ನೊಂದು ಸೀರೆ ಸುತ್ತಿದ್ದಳು. ನಾನು ಹತ್ತಿರ ಹೋದ ಹಾಗೆ ಅವಳು ಕೊಡ ಬಿಟ್ಟು ಗೋಡೆಗೆ ಸರಿದಳು. ಲಕ್ಕವ್ವ.

"ತುಂಬಕೋ ಬಾರವ್ವ, ಯಾಕ ಸರೀತಿ?"

"ನೀ ಮೊದಲ ತುಂಬಕೋ ಮಾಬೂಬಕ್ಕ. ನಾ ದೂರ ನಿಲ್ತೀನಿ."

ಗಾಳಿ ಈ ಕಡೆಗೆ ಬೀಸಿತು. ಹೆರಿಗೆ ದವಾಖಾನೆಯ ಆಯಾ ನಾನು, ಆ ವಾಸನೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ನಿಂತ ಕಲ್ಲು ಒದ್ದೆಯಾಗಿತ್ತು. ಆ ನೀರು ನಳದ್ದಲ್ಲ.

ಎರಡು ಬಾಗಿಲ ಆಚೆಯ ಮನೆ, ತಮ್ಮಾ ತಂಗೀ, ಎರಡೇ ಬಾಗಿಲು.

"ಎಂದಿನಿಂದ?" ಅಂದೆ.

"ಯುಗಾದಿ ಮುಂದ ತವರಿಗೆ ಹಡಿಯಾಕ ಹೋಗಿದ್ನೆಲ್ಲ, ಅವಾಗಿಂದ. ಮೂರು ದಿನ ಬ್ಯಾನಿ ತಿಂದೆ. ಕೂಸು ಉಳೀಲಿಲ್ಲ. ಐದನೇ ದಿನಕ್ಕ ಇದು ಶುರುವಾತು." ಅವಳು ಕಣ್ಣೀರು ಹಾಕಲಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳಂತೆ, ತುಟಿ ಒಡೆದು ಸಿಪ್ಪೆ ಎದ್ದಿತ್ತು. "ಎಲ್ಲಾರೂ ಹ್ವಾದ ಮ್ಯಾಲ ನೀರಿಗೆ ಬರ್ತೀನಿ. ನೀ ಕಟ್ಟಿ ಮ್ಯಾಲ ನಿಂತು ಕೇಳಿದ್ದು ಒಳಗ ಕೂತು ಕೇಳಿಸಿಕೊಂಡೆ. ನಮ್ಮತ್ತಿ ಎಲ್ಲಾ ಛಲೋ ಅದೀವಿ ಅಂದ್ರು. ನೀ ಬರಕೊಂಡಿ. ದೀಪಾವಳಿ ಆದ ಮ್ಯಾಲ ನನ್ನ ತವರಿಗೆ ಕಳಸ್ತಾರ. ಹೊಳ್ಳಿ ಬರೂ ಟಿಕೆಟ್ ಇಲ್ಲ ಅಂತ ಹೇಳ್ಯಾರ. ಇವರಿಗೆ ಬ್ಯಾರೆ ಹೆಣ್ಣು ನೋಡಾಕತ್ತಾರ."

ನಾನು ಕೊಡ ಅಲ್ಲೇ ಬಿಟ್ಟು ಬಂದೆ. ಅವತ್ತು ನನಗೆ ನಳದ ಲೆಕ್ಕ ತಿಳಿಯಿತು. ಸೋರುವವಳು ಮಂದಿಯ ನಡುವೆ ನಳಕ್ಕೇ ಬರುವುದಿಲ್ಲ. ಬರುವವರನ್ನು ಮಾತ್ರ ಕೇಳಿ, ಸೋರುವವರೇ ಇಲ್ಲ ಅಂತ ಬರೆದ ಜಾಣೆ ನಾನು. ನನ್ನ ಸೊನ್ನೆಗಳು ಸೋಮವಾರ ಮೇಲೆ ಹೋದರೆ ಸಾಹೇಬರು "ನಾ ಹೇಳಲಿಲ್ಲವೇ?" ಅನ್ನುತ್ತಾರೆ. ಹಾಸಿಗೆ ಇಲ್ಲ, ಆಪರೇಷನ್ ಇಲ್ಲ, ಲಕ್ಕವ್ವನಿಗೆ ದೀಪಾವಳಿಯ ರೈಲು. ಹೇಳಿದರೆ ನನ್ನ ನೌಕರಿ ಹೋಗುತ್ತದೆ. ಚಾಳಿನಿಂದ ದವಾಖಾನೆ ಹತ್ತು ನಿಮಿಷದ ದಾರಿ. ಅವತ್ತು ಒಂದು ಗಂಟೆ ನಡೆದೆ. ಎರಡು ಸಲ ಬಾಗಿಲ ತನಕ ಹೋಗಿ, ತಿರುಗಿ, ಕಡಲೆ ಮಾರುವವನ ಹತ್ತಿರ ನಿಂತು ಬಂದೆ. ಮೂರನೇ ಸಲ ಅವನೇ, "ಬಾಯಿ, ತಗೋತೀಯೋ ಇಲ್ಲೋ?" ಅಂತ ಬೈದ. ಆ ಬೈಗಳಕ್ಕೆ ಒಳಗೆ ಹೋದೆ.

ಡಾಕ್ಟರಮ್ಮ ಕೈ ತೊಳೆಯುತ್ತಿದ್ದರು. ನಾನು ನಳ, ಕಟ್ಟೆ, ಕೈ ಎತ್ತರಿ ಅಂದದ್ದು, ಅತ್ತೆಯರನ್ನು ಕೇಳಿ ಬರೆದದ್ದು, ಲಕ್ಕವ್ವನ ಸಂಗತಿ, ಎಲ್ಲ ಹೇಳಿದೆ. ಅವರು ತಿರುಗಲಿಲ್ಲ. ಕೈ ತೊಳೆಯುತ್ತಲೇ ಇದ್ದರು, ಸಾಬೂನು ಸವೆಯುವ ತನಕ.

"ಐದು ಚಾಳೂ ಹೀಗೇನಾ ಮಾಡ್ಬಿಟ್ರಿ?"

"ಐದೂ, ಡಾಕ್ಟರಮ್ಮ."

"ಒಬ್ಬಳನ್ನಾದ್ರೂ ಒಬ್ಬಳೇ ಇದ್ದಾಗ ಕೇಳಿದ್ರಾ?"

"ನಾನೊಬ್ಬಾಕಿನೇ ಇದ್ದಾಗ ನನ್ನ ಕೇಳಕೊಂಡೇನ್ರಿ" ಅಂದುಬಿಟ್ಟೆ. ಹೆದರಿದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಹೇಗೂ ಕೊಡ ಉರುಳಿದೆ, ಎಲ್ಲ ಚೆಲ್ಲಿಹೋಗಲಿ ಅಂತ, "ಇನ್ನೊಂದೂ ಅದರಿ" ಅಂದು ಚೀಟಿಯ ಸಂಗತಿಯನ್ನೂ ಹೇಳಿದೆ. ಮೂಲೆಯಲ್ಲಿದ್ದ ಶೇವಂತಾಬಾಯಿ "ಅಗ ಬಾಯೀ! ಸತ್ತೆ!" ಅಂತ ಚಷ್ಮಾ ಪೂರ್ತಿ ತೆಗೆದು ಕಣ್ಣು ಮುಚ್ಚಿಕೊಂಡರು.

ಡಾಕ್ಟರಮ್ಮ ಕುರ್ಚಿಯ ಮೇಲೆ ಕೂತರು. ನನ್ನ ಫಾರ್ಮಿನ ಕಟ್ಟನ್ನು ಎಳೆದುಕೊಂಡು ಒಂದೊಂದೇ ಸೊನ್ನೆ ನೋಡಿದರು. ನಾನು ಗಾದಿ ಹಿಂಜಲಿಕ್ಕೆ ವಾಪಸ್ಸು ಹೋಗುವ ತಯಾರಿಯಲ್ಲಿದ್ದೆ.

"ಮಾಬೂಬಿ, ತಪ್ಪು ಮಾಡಿದ್ದು ನೀವು. ಆದ್ರೆ ಇಷ್ಟು ಸೊನ್ನೆ ಕಣ್ಮುಂದೆ ಇದ್ರೂ ಶಾಬಾಸ್ ಅಂದವಳು ನಾನು. ಇದು ಸೋಮವಾರ ಹೋಗಲ್ಲ. ಮೊದಲಿಂದ ಮಾಡೋಣ." ಆಮೇಲೆ ಕೇಳಿದರು, "ಆ ಹುಡುಗಿ, ಲಕ್ಕವ್ವ, ಎಲ್ಲಿ ಹೆತ್ತಿದ್ದು ಅಂದ್ರಿ?"

"ತವರಿನ್ಯಾಗರಿ. ಚೊಚ್ಚಲದ್ದು ತವರಿನ್ಯಾಗ ಅಲ್ಲೇನ್ರಿ? ಮುಂಬೈದಾಗ ಯಾರು ಹಡೀತಾರ?"

ಡಾಕ್ಟರಮ್ಮ ಹಣೆಗೆ ಕೈ ಹೊಡೆದುಕೊಂಡರು. ಮೊದಲ ಹೆರಿಗೆಯೇ ಕಠಿಣ, ಅದು ನಮ್ಮವರದ್ದು ಎಲ್ಲ ಊರಿನಲ್ಲಿ. ಎರಡನೆಯದಕ್ಕೆ ಮೂರನೆಯದಕ್ಕೆ, ದಾರಿ ಆದ ಮೇಲೆ ನಮ್ಮ ದವಾಖಾನೆಗೆ. ಇನ್ನು ರಿಜಿಸ್ಟರಿನಲ್ಲಿ ಲಕ್ಕವ್ವ ಎಲ್ಲಿಂದ ಬರಬೇಕು? ನಾಲ್ಕನೇ ಇಯತ್ತೆಯವಳು ಎಲ್ಲರಿಗೂ ಗೊತ್ತಿದ್ದ ಮಾತು ಹೇಳಿದ್ದೆ. ಆದರೆ ಅದು ಅವರಿಗೆ ಹೊಸದಾಗಿತ್ತು, ಯಾಕೆಂದರೆ ಅವರು ಮಕ್ಕಳನ್ನು ಹೆರಿಸಿದ್ದರೇ ಹೊರತು ಸೊಸೆಯಂದಿರನ್ನು ಊರಿನ ರೈಲಿಗೆ ಹತ್ತಿಸಿರಲಿಲ್ಲ.

ಎರಡನೇ ಸಲದ ಕೆಲಸ ಹೇಗಿತ್ತು ಅಂದರೆ ಹೊಸ ಹುಡುಗಿಯರೇ, ಇದನ್ನು ಮಾತ್ರ ನಗದೆ ಕೇಳಿಕೊಳ್ಳಿರಿ. ಮೂರು ಖೋಲಿಗೊಂದು ಅಂದರೆ ಮೂರಕ್ಕೊಂದೇ, ಬಾಗಿಲು ಮುಚ್ಚಿದ್ದರೆ ನಾಳೆ ಮತ್ತೆ, ನಾಡಿದ್ದು ಮತ್ತೆ. ಅತ್ತೆಯರದ್ದು ದೊಡ್ಡ ತೊಡಕು. ಅದಕ್ಕೆ ಶೇವಂತಾಬಾಯಿ ಪ್ರಾಯಶ್ಚಿತ್ತ ಅಂತ ನನ್ನ ಜೊತೆ ಬಂದರು. ಅತ್ತೆಯನ್ನು ಹೊರಗೆ ಬೆತ್ತದ ಮೋಡೆಯ ಮೇಲೆ ಕೂರಿಸಿ, ನಾಡಿ ಹಿಡಿದು, ಗಡಿಯಾರ ನೋಡುತ್ತ "ಅರೆರೆ!" ಅನ್ನುತ್ತಿದ್ದರು. ಯಾವ ಅತ್ತೆಯೂ ಆ "ಅರೆರೆ" ಬಿಟ್ಟು ಎದ್ದು ಬರಲಿಲ್ಲ. ಒಳಗೆ ನಾನು ಸೊಸೆಯ ಜೋಡಿ. "ತ್ರಾಸ ಅದನು?" ಅಂತ ಕೇಳುವುದನ್ನು ಬಿಟ್ಟೆ. ಹಾಗೆ ಕೇಳಿದರೆ ಹೆಣ್ಣುಮಕ್ಕಳು ಇಲ್ಲ ಅನ್ನಲಿಕ್ಕೇ ಹುಟ್ಟಿದವರು. "ದಿನಾ ಎಷ್ಟು ಅರಿವಿ ಒಗೀತಿ? ನೀರಿಗೆ ಎಷ್ಟೊತ್ತಿಗೆ ಹೋಗ್ತಿ? ಚೊಚ್ಚಲ ಎಲ್ಲಿ ಹಡದಿ, ಎಷ್ಟು ದಿನ ಬ್ಯಾನಿ?" ಅಂದೆ. ಅರಿವೆಯ ಲೆಕ್ಕ ಹೇಳುತ್ತ ಹೇಳುತ್ತ ಕೆಲವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಗ ನಾನು ಸುಮ್ಮನಿದ್ದೆ. ಸುಮ್ಮನಿರುವುದನ್ನು ನಾನು ಕಲಿತದ್ದು ಆ ಖೋಲಿಗಳಲ್ಲಿ. ನಮ್ಮ ಯಜಮಾನರು ಕೊನೆಯ ತನಕ ನಂಬಲಿಲ್ಲ.

ಗೀಟು ಬಿದ್ದವರನ್ನೆಲ್ಲ ದವಾಖಾನೆಗೆ ಕರೆದು ನೀಲಿ ನೀರಿನ ಪರೀಕ್ಷೆ. ಮೂತ್ರದ ಚೀಲಕ್ಕೆ ನೀಲಿ ಬಣ್ಣದ ನೀರು ಬಿಟ್ಟು, ಒಳಗೆ ಹತ್ತಿಯ ಉಂಡೆ ಇಟ್ಟು, ಸ್ವಲ್ಪ ಹೊತ್ತು ಅಡ್ಡಾಡಿಸಿ ತೆಗೆಯುವುದು. ಹತ್ತಿ ನೀಲಿಯಾದರೆ ತೂತು ಇದೆ. ಡಾಕ್ಟರಮ್ಮ ನೋಡಿದರೂ ನೀಲಿ, ಶೇವಂತಾಬಾಯಿ ಚಷ್ಮಾ ಇಲ್ಲದೆ ನೋಡಿದರೂ ನೀಲಿ. ಚೀಟಿ ತೋರಿಸಿ ಮನೆ ಕೂಡಿಸುವ ಕೆಲಸವೇ ನನಗೆ ಉಳಿಯಲಿಲ್ಲ. ಬಣ್ಣದ ಬಾಟಲಿ ಮೇಲೆ ಬೀಳಿಸಿಕೊಂಡು ಆ ವರ್ಷದ ಈದಿಗೆ ಒಂದು ಕೈಗೆ ಮೆಹಂದಿ, ಒಂದು ಕೈಗೆ ನೀಲಿ ಹಚ್ಚಿಕೊಂಡವಳು ವಡಾಲದಲ್ಲಿ ನಾನೊಬ್ಬಳೇ ಇರಬೇಕು.

ಲಕ್ಕವ್ವನ ಹತ್ತಿಯನ್ನು ನಾನೇ ಸುತ್ತಿದ್ದೆ. ಅದು ಹೊರಗೆ ಬಂದಾಗ ಅರ್ಧಕ್ಕೂ ಹೆಚ್ಚು ನೀಲಿ.

ದೀಪಾವಳಿಗೆ ಇನ್ನು ಸ್ವಲ್ಪ ದಿನ ಇದ್ದಾಗ ಲೆಕ್ಕ ಮೇಲೆ ಹೋಯಿತು, ಡಾಕ್ಟರಮ್ಮನ ಜೊತೆ ನಾನೂ. ಅವರು ಎರಡೂ ಕಟ್ಟು ಮೇಜಿನ ಮೇಲೆ ಇಟ್ಟರು, ನನ್ನ ಸೊನ್ನೆಯ ಕಟ್ಟು ಮತ್ತು ಹೊಸದು. ಹಳೆಯದನ್ನು ಒಲೆಗೆ ಹಾಕಬಾರದಿತ್ತೇ ಅಂತ ನಾನು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಅವರು ಕೇಳಿರಲಿಲ್ಲ.

ಸಾಹೇಬರು ಎರಡನ್ನೂ ನೋಡಿ, "ಅದೇ ಚಾಳು, ಅದೇ ಹೆಂಗಸರು. ಎರಡು ತಿಂಗಳಲ್ಲಿ ರೋಗ ಎಲ್ಲಿಂದ ಬಂತು? ನಾನು ಯಾವುದನ್ನು ನಂಬಲಿ?" ಅಂದರು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಅಂದರೆ, ನಾನೇ ಹೇಳಬೇಕು. ನನ್ನ ಮರಾಠಿ ಹಿಂದಿ ಎಲ್ಲ ಕೂಡಿ ಕಲಸುಮೇಲೋಗರವಾಗಿ ಬಂತು. "ಸಾಹೇಬ್, ಮೊದಲಿನದು ನಾನು ನಳದ ಕಟ್ಟೆಯ ಮೇಲೆ ನಿಂತು ಬರೆದದ್ದು. ನಾಲ್ಕು ಮಂದಿಯ ಮುಂದೆ ನೀವು ನನ್ನನ್ನು, 'ನಿನ್ನ ಸೀರೆ ಒದ್ದೆ ಆಗುತ್ತದೇನು' ಅಂತ ಕೇಳಿದರೆ ನಾನು ಏನು ಹೇಳಲಿ? ನಿಮ್ಮನ್ನೇ ಹಾಗೆ ಕೇಳಿದರೆ ನೀವು ಏನು ಹೇಳುತ್ತೀರಿ?"

ಸಾಹೇಬರ ಕಿವಿ ಕೆಂಪಾಯಿತು. ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿದರು. ಅವರ ಬೆನ್ನು ಅಲುಗುತ್ತಿತ್ತು, ನಗುತ್ತಿದ್ದರೋ ಅಳುತ್ತಿದ್ದರೋ ಇವತ್ತಿಗೂ ಗೊತ್ತಿಲ್ಲ. ಸಾಹೇಬರು ಬಹಳ ಹೊತ್ತು ನನ್ನ ಹಳೇ ಕಟ್ಟನ್ನೇ ತಿರುವಿದರು. ಕೊನೆಗೆ, "ನೀವೇ ಮುಚ್ಚಿಡದೆ ತಂದ ಈ ಸೊನ್ನೆಗಳು ಇರದಿದ್ದರೆ ನಾನು ಹೊಸದನ್ನು ನಂಬುತ್ತಿರಲಿಲ್ಲ" ಅಂದು ಪೆನ್ನು ತೆಗೆದರು. ಪ್ರತಿ ಗುರುವಾರ ಆಪರೇಷನ್. ಹಾಸಿಗೆ ಎರಡು ಕೇಳಿದ್ದಕ್ಕೆ ಒಂದು. ಆ ಒಂದರ ಗಾದಿಯನ್ನು ನಮ್ಮ ಯಜಮಾನರು ಹಿಂಜಿ ಕೊಟ್ಟರು.

ನಿಂಗವ್ವನನ್ನು ಒಪ್ಪಿಸಲಿಕ್ಕೆ ಮತ್ತೆ ಶೇವಂತಾಬಾಯಿಯ "ಅರೆರೆ" ಬೇಕಾಯಿತು. "ದೀಪಾವಳಿ ಆದ ಮ್ಯಾಲ ಕಳಸೂದು ಇದ್ದೇ ಐತಿ, ಅಲ್ಲೀ ಮಟಾ ದವಾಖಾನ್ಯಾಗ ಇರಲಿ, ಮನ್ಯಾಗಿನ ವಾಸನಿನರೆ ಹೋಗ್ತದ" ಅಂತ ಅವಳು ಕಳಿಸಿದಳು. ಲಕ್ಕವ್ವನ ಗಂಡ ಬಂದರಿನಲ್ಲಿ ಮೂಟೆ ಹೊರುವವನು. ತಾಯಿಯ ಮುಂದೆ ಮಾತಿಲ್ಲದವನು ದಿನಾ ಪಾಳಿ ಮುಗಿಸಿ ಬಂದು ಕಿಟಕಿಯ ಹೊರಗೆ ನಿಲ್ಲುತ್ತಿದ್ದ. ಹದಿನಾಲ್ಕು ದಿನ ಲಕ್ಕವ್ವನಿಗೆ ನೀರು ಕುಡಿಸುವುದೇ ನನ್ನ ಡ್ಯೂಟಿ. "ಕುಡಿದ್ರ ಸೋರತೈತಿ ಮಾಬೂಬಕ್ಕ" ಅಂತ ಅವಳು ಲೋಟ ದೂಡುತ್ತಿದ್ದಳು. "ಸೋರಲಿ, ನಳಿಗಿ ಐತಿ. ಕುಡಿ, ಇಲ್ಲಂದ್ರ ಕಟ್ಟಿ ಹತ್ತಿ ಒದರ್ತೀನಿ ನೋಡು" ಅಂತ ಹೆದರಿಸುತ್ತಿದ್ದೆ.

ಹದಿನೈದನೇ ದಿನ ನಳಿಗೆ ತೆಗೆದು ಮತ್ತೆ ನೀಲಿ ನೀರು. ನಾನು ಸುತ್ತಿದ ಹತ್ತಿ. ಅವಳು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡಿದಳು. ಡಾಕ್ಟರಮ್ಮ ಉಂಡೆ ತೆಗೆದು ಬೆಳಕಿಗೆ ಹಿಡಿದರು. ನಾನು ಹುಟ್ಟಿದಾಗಿನಿಂದ ಹತ್ತಿಯ ನಡುವೆ ಬೆಳೆದವಳು. ಅಷ್ಟು ಬೆಳ್ಳಗಿನ ಹತ್ತಿ ನೋಡಿರಲಿಲ್ಲ.

ಇಷ್ಟನ್ನೂ ನಾನು ಓದಿ ಹೇಳಿದ ಮೇಲೆ ನಸ್ರೀನ್ ಫೋನ್ ತೆಗೆದು ನನಗೆ ಮಾರ್ಕ್ಸ್ ಹಾಕಲಿಕ್ಕೆ ಕೂತಳು. ಮೊದಲ ಸಲದ ಲೆಕ್ಕಕ್ಕೆ ಸೊನ್ನೆ, ನನ್ನ ಸೊನ್ನೆಯಷ್ಟೇ ದುಂಡಗೆ. ಎರಡನೇ ಸಲದ್ದಕ್ಕೆ ಬಹಳ ಛಲೋ ಬಂತು. ಒಂದೇ ಪ್ರಶ್ನೆಗೆ ನಾನು ಸಿಕ್ಕಿಬಿದ್ದೆ. "ಲೇಕಿನ್ ನಾನಿ, ಆಪರೇಷನ್ ಆಗಿ ಮನಿಗೆ ಹೋದ ಮ್ಯಾಲ, ಆಕಿ ಠೀಕ್ ಅದಾಳಂತ ಚೆಕ್ ಮಾಡಿದ್ರಿ? ಕಾಗಜ್ ಅದನ?"

ಕಾಗದ ಇಲ್ಲ. ಅದಕ್ಕೆ ಅರ್ಧ ಮಾರ್ಕು ಕಡಿದಳು, ನನ್ನ ಮೊಮ್ಮಗಳು, ಪೇಢೆ ತಿನ್ನಿಸಿದ ಅಜ್ಜಿ ಅಂತಲೂ ನೋಡಲಿಲ್ಲ. ಕಡಿಯಲಿ, ಅವಳಿಗೆ ಅದೇ ನೌಕರಿ. ಆದರೆ ನಾನು ಕಂಡದ್ದನ್ನು ಹೇಳಿಬಿಡುತ್ತೇನೆ.

ದೀಪಾವಳಿ ಕಳೆದು ಎರಡು ವಾರ ಆಗಿರಬೇಕು. ಬೆಳಗ್ಗೆ ಆರಕ್ಕೆ ನಳದ ಹತ್ತಿರ ಎಂದಿನ ಗದ್ದಲ. ದವಾಖಾನೆಗೆ ಹೊತ್ತಾಯಿತು ಅಂತ ನಾನು ಸಾಲು ಬಿಟ್ಟು ನಡುವೆ ಕೊಡ ತೂರಿಸಿದೆ. ಒಂದು ಮೊಳಕೈ ಪಕ್ಕೆಗೆ ಬಿತ್ತು. ತಿರುಗಿದರೆ ಲಕ್ಕವ್ವ. ಒಂದೇ ಸೀರೆ, ತಲೆ ತುಂಬ ಎಣ್ಣೆ, ಎಡಕ್ಕೆ ಒಬ್ಬಳು, ಬಲಕ್ಕೆ ಒಬ್ಬಳು, ನಟ್ಟ ನಡುವೆ ನಿಂತಿದ್ದಾಳೆ.

"ಏ ಮಾಬೂಬಕ್ಕ! ದವಾಖಾನ್ಯಾಗ ದೊಡ್ಡಾಕಿ ಇದ್ರ ಅಲ್ಲೇ ಇರು. ಇಲ್ಲಿ ಪಾಳಿ ಅಂದ್ರ ಪಾಳಿ. ತಗಿ ನಿನ್ನ ಕೊಡ, ಹಿಂದ ಹೋಗು!"

ಎಲ್ಲರೂ ನಕ್ಕರು. ನಾನು ಹಿಂದೆ ಹೋದೆ, ಎಲ್ಲರಿಗಿಂತ ಹಿಂದೆ, ಗೋಡೆಯ ತನಕ. ನನ್ನ ಪಾಳಿ ಬರುವ ಹೊತ್ತಿಗೆ ನೀರು ನಿಂತುಹೋಯಿತು. ಖಾಲಿ ಕೊಡ ಬಗಲಿಗೆ ಇಟ್ಟುಕೊಂಡು ನಗುತ್ತ ಮನೆಗೆ ಬಂದರೆ ಯಜಮಾನರು, "ಚಾಕ್ಕ ನೀರಿಲ್ಲ, ನಗ್ತೀಯಲ್ಲ, ತಲಿ ಕೆಟ್ಟೈತೇನು?" ಅಂದರು.